ಕೆರೆಗಳ ಡ್ರೋನ್ ಫೋಟೋ ರಾಶಿಯನ್ನು ಕ್ಯೂಜಿಐಎಸ್‌ನಲ್ಲಿ ಜೋಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ತುಮಕೂರು ಜಿಲ್ಲೆಯ ಕೆರೆ ಬಳಗದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಕೆರೆಗಳನ್ನು ಬೇಸಿಗೆಯ ಕೊನೆಗೊಮ್ಮೆ, ಕೋಡಿ ಹರಿಯುವ ಕಾಲಕ್ಕೊಮ್ಮೆ ಡ್ರೋನ್ ಹಾರಿಸಿ ಫೋಟೋ ತೆಗೆದಿಡುತ್ತಾ ಬಂದಿದ್ದೇವೆ. ಡ್ರೋನು ಡಿಜೆಐ ಕಂಪನಿಯ ಫ್ಯಾಂಟಮ್ 4 ಪ್ರೊ. ಪ್ರತಿ ಫೋಟೋದ ಒಳಗೂ ಅಕ್ಷಾಂಶ ರೇಖಾಂಶ ಇದೆ. ಆದರೂ ಹಾರ್ಡ್ ಡಿಸ್ಕ್ ತೆರೆದರೆ ಬರೀ ರಾಶಿ. ಪಂಚಾಯಿತಿಯವರು "ಆ ಕೆರೆ ತೂಬಿನ ಹಳೇ ಫೋಟೋ ಇದ್ದರೆ ಕೊಡಿ" ಅಂದಾಗ ಒಂದೊಂದೇ ತೆರೆದು ನೋಡುತ್ತಾ ಕೂರಬೇಕು. ಹೂಳು ತೆಗೆಯುವ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಅಂತ ಜೋಡಿ ಹಾಕಿ ತೋರಿಸಲು ಆಗುತ್ತಿಲ್ಲ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ ಹಾಕಿಕೊಂಡಿದ್ದೇವೆ, ಊರಿನ ನಕ್ಷೆ ತೆರೆದು ನೋಡುವಷ್ಟು ಬರುತ್ತದೆ. ಕೆರೆಗೊಂದು ಫೋಲ್ಡರ್ ಮಾಡಿ ಹಂಚಿಬಿಡೋಣವೇ, ಅಥವಾ ಇದಕ್ಕೆ ಬೇರೆ ದಾರಿ ಇದೆಯೇ?

ಉತ್ತರ: ಬೆಂಗಳೂರಿನಿಂದ, ನಕ್ಷೆ ಕೆಲಸದಲ್ಲಿರುವವರು

ಕೆರೆಗೊಂದು ಫೋಲ್ಡರ್ ಬೇಡ ಸರ್. ನಿಮ್ಮ ಕಡೆ ಕೆರೆಗಳು ಸರಣಿಯಲ್ಲಿ ಇರುತ್ತವೆ. ಮೇಲಿನ ಕೆರೆ ಕೋಡಿ ಬಿದ್ದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ಆ ಹಳ್ಳದ ಮೇಲಿಂದ ತೆಗೆದ ಫೋಟೋ ಯಾವ ಕೆರೆಯ ಫೋಲ್ಡರ್‌ಗೆ ಸೇರಬೇಕು? ಎರಡಕ್ಕೂ ಸೇರುತ್ತದೆ. ಫೋಲ್ಡರ್‌ನಲ್ಲಿ ಒಂದು ಫೈಲ್ ಒಂದೇ ಕಡೆ ಇರಬೇಕು, ಎರಡು ಕಡೆ ಇಟ್ಟರೆ ನಕಲು ಹುಟ್ಟುತ್ತದೆ, ಮುಂದೆ ಯಾವುದು ಮೂಲ ಎಂಬುದೇ ತಿಳಿಯುವುದಿಲ್ಲ. ಫೋಟೋಗಳು ಕಾರ್ಡ್‌ನಿಂದ ಇಳಿದ ಹಾಗೆ, ಹಾರಿಸಿದ ತಾರೀಖಿನ ಫೋಲ್ಡರ್‌ಗಳಲ್ಲಿ ಇರಲಿ. ಜೋಡಣೆಯೆಲ್ಲ ನಕ್ಷೆಯ ಹಿಂದಿರುವ ಪಟ್ಟಿಯಲ್ಲಿ, ಅಂದರೆ ಆಟ್ರಿಬ್ಯೂಟ್ ಟೇಬಲ್‌ನಲ್ಲಿ ನಡೆಯಲಿ. ಈ ಒಂದು ವಿಷಯ ಗಟ್ಟಿಯಾದರೆ ಮಿಕ್ಕಿದ್ದೆಲ್ಲ ಸುಲಭ.

ಪ್ರೊಸೆಸಿಂಗ್ ಟೂಲ್‌ಬಾಕ್ಸ್ ತೆರೆದು, ವೆಕ್ಟರ್ ಕ್ರಿಯೇಷನ್ ಗುಂಪಿನಲ್ಲಿ 'ಇಂಪೋರ್ಟ್ ಜಿಯೋಟ್ಯಾಗ್ಡ್ ಫೋಟೋಸ್' ಹುಡುಕಿ. ನಿಮ್ಮ ಮೂಲ ಫೋಲ್ಡರ್ ತೋರಿಸಿ, ಒಳಗಿನ ಫೋಲ್ಡರ್‌ಗಳನ್ನೂ ಓದು ಎಂಬ 'ಸ್ಕ್ಯಾನ್ ರಿಕರ್ಸಿವ್‌ಲಿ' ಗೆ ಟಿಕ್ ಹಾಕಿ. ಫೋಟೋಗೊಂದು ಬಿಂದುವಿನಂತೆ ನಕ್ಷೆಯ ಮೇಲೆ ಒಂದು ಪದರ (ಲೇಯರ್) ಬರುತ್ತದೆ. ಫೈಲ್ ಇರುವ ದಾರಿ, ಹೆಸರು, ಎತ್ತರ, ತೆಗೆದ ಸಮಯ ಎಲ್ಲ ಅದರ ಕಾಲಂಗಳಲ್ಲಿ ಇರುತ್ತದೆ. ಅದೇ ಕಿಟಕಿಯಲ್ಲಿ ಕೆಳಗೆ 'ಇನ್‌ವ್ಯಾಲಿಡ್ ಫೋಟೋಸ್ ಟೇಬಲ್' ಅಂತ ಇನ್ನೊಂದು ಖಾನೆ ಇದೆ. ತುಂಬಾ ಜನ ಅದನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಅದನ್ನೂ ತುಂಬಿ. ಸ್ಥಳದ ಗುರುತಿಲ್ಲದ ಫೋಟೋಗಳು ಯಾವುವು ಎಂಬ ಪಟ್ಟಿ ಬೇರೆಯಾಗಿ ಸಿಗುತ್ತದೆ. ಅದಿಲ್ಲದಿದ್ದರೆ ಆ ಫೋಟೋಗಳು ಸುಮ್ಮನೆ ನಕ್ಷೆಯಿಂದ ಮಾಯ, ನಿಮಗೆ ಗೊತ್ತೂ ಆಗುವುದಿಲ್ಲ.

ಹೀಗೆ ಬಂದ ಪದರ ತಾತ್ಕಾಲಿಕ. ಕ್ಯೂಜಿಐಎಸ್ ಮುಚ್ಚಿದರೆ ಹೋಗುತ್ತದೆ. ತಕ್ಷಣ ಜಿಯೋಪ್ಯಾಕೇಜ್ ಎಂಬ ಫೈಲ್ ರೂಪದಲ್ಲಿ ಉಳಿಸಿ. ಶೇಪ್‌ಫೈಲ್ ಎಂಬ ಹಳೆಯ ರೂಪ ಬೇಡ ಅನ್ನುವುದಕ್ಕೆ ಕಾರಣ ಇದೆ: ಅದರಲ್ಲಿ ಕಾಲಂ ಹೆಸರು 10 ಅಕ್ಷರ ದಾಟುವಂತಿಲ್ಲ, ಒಳಗಿನ ಬರಹ 254 ದಾಟುವಂತಿಲ್ಲ. ಕನ್ನಡ ಅಕ್ಷರಗಳು ಕಂಪ್ಯೂಟರ್ ಲೆಕ್ಕದಲ್ಲಿ ಹೆಚ್ಚು ಜಾಗ ಹಿಡಿಯುತ್ತವೆ, ಹಾಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗೆ ಆ ಮಿತಿ ಇನ್ನೂ ಬೇಗ ತಾಗುತ್ತದೆ. ಜಿಯೋಪ್ಯಾಕೇಜ್‌ನಲ್ಲಿ ಈ ಕಾಟ ಇಲ್ಲ.

ಇಷ್ಟಾದ ಮೇಲೆ ಐಡೆಂಟಿಫೈ ಒತ್ತಿ ಬಿಂದುವಿನ ಫಾರಂ ತೆರೆದರೆ ಫೋಟೋ ಅಲ್ಲೇ ಕಾಣುತ್ತದೆ. ಉಳಿಸಿದ ಪದರದಲ್ಲಿ ಕಾಣದೇ ಹೋದರೆ ಪದರದ ಪ್ರಾಪರ್ಟೀಸ್‌ನಲ್ಲಿ ಆಟ್ರಿಬ್ಯೂಟ್ಸ್ ಫಾರಂಗೆ ಹೋಗಿ, 'ಫೋಟೋ' ಕಾಲಂಗೆ ಅಟ್ಯಾಚ್‌ಮೆಂಟ್ ವಿಜೆಟ್ ಕೊಟ್ಟು, ಚಿತ್ರವಾಗಿ ತೋರಿಸು ಅಂತ ಆರಿಸಿ.

ಈಗ ನಿಮ್ಮ ಪ್ರಶ್ನೆಯ ನಿಜವಾದ ಭಾಗಕ್ಕೆ ಬರೋಣ. ಕೆರೆಗಳ ಅಂಚನ್ನು ಉಪಗ್ರಹ ಚಿತ್ರದ ಮೇಲೆ ಕೈಯಿಂದಲೇ ಗೀಚಿ ಒಂದು ಪಾಲಿಗನ್ (ಮುಚ್ಚಿದ ಆಕಾರಗಳ) ಪದರ ಮಾಡಿಕೊಳ್ಳಿ, ಒಂದೊಂದಕ್ಕೂ ಕೆರೆಯ ಹೆಸರು, ಊರು ಬರೆಯಿರಿ. ಡ್ರೋನ್ ಹೆಚ್ಚಾಗಿ ಏರಿಯ ಹೊರಗಡೆಯಿಂದಲೂ ಹಾರುತ್ತದೆ ಅಲ್ಲವೇ, ಅದಕ್ಕೆ ಈ ಪಾಲಿಗನ್‌ಗಳಿಗೆ ಸುತ್ತಲೂ 200 ಮೀಟರ್ ಬಫರ್, ಅಂದರೆ ಹೆಚ್ಚುವರಿ ಅಂಚು, ಕೊಡಿ. ಆಮೇಲೆ 'ಜಾಯಿನ್ ಆಟ್ರಿಬ್ಯೂಟ್ಸ್ ಬೈ ಲೊಕೇಶನ್' ಓಡಿಸಿ. ಜೋಡಣೆಯ ಬಗೆ ಕೇಳಿದಾಗ ಒಂದಕ್ಕೆ ಹಲವು ಎಂಬುದನ್ನು ಆರಿಸಿ. ಎರಡು ಕೆರೆಗಳ ನಡುವಿನ ಹಳ್ಳದ ಫೋಟೋ ಆಗ ಪಟ್ಟಿಯಲ್ಲಿ ಎರಡು ಸಾಲಾಗಿ ಬರುತ್ತದೆ, ಎರಡೂ ಕೆರೆಯ ಹೆಸರಿನಲ್ಲಿ. ಫೈಲ್ ಮಾತ್ರ ಡಿಸ್ಕ್‌ನಲ್ಲಿ ಒಂದೇ.

ಕೊನೆಗೆ 'ಏನು ಕಾಣುತ್ತದೆ' ಎಂಬ ಕಾಲಂ ಒಂದನ್ನು ಸೇರಿಸಿ, ಅದಕ್ಕೆ ವ್ಯಾಲ್ಯೂ ಮ್ಯಾಪ್ ವಿಜೆಟ್ ಕೊಟ್ಟು ನಿಮ್ಮದೇ ಮಾತುಗಳನ್ನು ತುಂಬಿ: ಏರಿ, ಕೋಡಿ, ತೂಬು, ಕೆರೆ ಅಂಗಳ, ಕಾಲುವೆ, ಅಚ್ಚುಕಟ್ಟು, ಬಳ್ಳಾರಿ ಜಾಲಿ. ಬಳಗದಲ್ಲಿ ಒಬ್ಬರು ತೂಬು ಅಂತ, ಇನ್ನೊಬ್ಬರು ಮದಗ ಅಂತ ಬರೆದರೆ ಹುಡುಕಾಟ ಕೆಡುತ್ತದೆ, ಆದ್ದರಿಂದ ಆರಿಸುವ ಪಟ್ಟಿಯೇ ಇರಲಿ.

ಉತ್ತರ: ಧಾರವಾಡದಿಂದ

ಮ್ಯಾಲೆ ಅವರು ಹೇಳಿದ್ದು ಎಲ್ಲಾ ಖರೆ ಅದ ರೀ. ನಾ ಒಂದು ಮಾತು ಕೂಡಸ್ತೀನಿ. ಫ್ಯಾಂಟಮ್ 4 ಪ್ರೊ ಫೋಟೋಕ್ಕ ಡಿಜೆಐ 0001 ಅಂತ ಹೆಸರು ಇಡ್ಕೋತ ಹೋಗ್ತದ, 0999 ಆದಮ್ಯಾಲೆ ಹೊಸ ಫೋಲ್ಡರ್ ಮಾಡಿ ಮತ್ತ 0001 ರಿಂದ ಸುರು ಮಾಡ್ತದ. ಅಂದ್ರ ನಿಮ್ಮ ಡಿಸ್ಕ್‌ನ್ಯಾಗ ಒಂದ ಹೆಸರಿನ ಫೋಟೋ ಎಷ್ಟೋ ಇರ್ತಾವ. ಹಿಂಗಾಗಿ ಪಟ್ಟಿ ಪಟ್ಟಿ ಕೂಡಸೂ ಮುಂದ ಬರೇ ಫೈಲ್ ಹೆಸರು ನಂಬಬ್ಯಾಡ್ರಿ. ಪೂರ್ತಿ ದಾರಿ ಇಟ್ಟು ಕೂಡಸ್ರಿ, ಇಲ್ಲಾ ಹೆಸರು ಮತ್ತ ತಗದ ಟೈಮು ಎರಡೂ ಸೇರಿಸಿ ಕೂಡಸ್ರಿ. ಎಲ್ಲಾ ಫೋಟೋ ಒಂದ ಫೋಲ್ಡರ್‌ಗೆ ಸುರುವಾಕ ಹೋದ್ರಂತೂ ಒಂದರ ಮ್ಯಾಲೆ ಒಂದು ಬಿದ್ದು ಹಳೇವು ಅಳಸಿ ಹೋಗ್ತಾವ, ಭಾಳ ಹುಷಾರು.

ಫೋಲ್ಡರ್ ಹೆಸರಿಗೆ ತಾರೀಖು ಹಾಕೂದು ಹಿಂಗ ಮಾಡ್ರಿ: ಮೊದಲ ವರ್ಷ, ಆಮ್ಯಾಲೆ ತಿಂಗಳು, ಕಡೀಕ ದಿನ. ತಾನ ಸಾಲಾಗಿ ಕೂಡ್ತಾವ. ಇನ್ನ ಟೈಮಿನ ಮಾತು. ಫೋಟೋದಾಗ ಕ್ಯಾಮೆರಾದ ಟೈಮು ಇರ್ತದ, ಜಿಪಿಎಸ್ ಟೈಮು ಬ್ಯಾರೆ. ಜಿಪಿಎಸ್ ಅನ್ನೂದು ಲೋಕದ ಸಮಯ, ನಮ್ಮದಕ್ಕಿಂತ 5 ತಾಸು 30 ನಿಮಿಷ ಹಿಂದ. ಮುಂಜಾನೆ ಐದಕ್ಕ ತಗದ ಫೋಟೋ ಜಿಪಿಎಸ್ ಲೆಕ್ಕದಾಗ ಹಿಂದಿನ ದಿನದ್ದು ಆಗಿ ಕುಂತಿರ್ತದ. ಯಾವ ಕಾಲಂ ಯಾವ ಟೈಮಿಂದು ಅಂತ ಒಂದು ಫೋಟೋ ಇಟ್ಕೊಂಡು ತಾಳೆ ನೋಡ್ಕೊಂಡು ಮುಂದ ಹೋಗ್ರಿ.

ಉತ್ತರ: ಕೋಲಾರದಿಂದ

ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಒಣಗಿದ್ದ ಕೆರೆ ತುಂಬಿಕೊಂಡ ಬಗೆಯನ್ನು ದಾಖಲಿಸಲು ನಾನೂ ಇದೇ ಕೆಲಸ ಮಾಡುತ್ತಿದ್ದೇನೆ. ಒಂದು ಮುಖ್ಯ ಸಂಗತಿ ಇನ್ನೂ ಯಾರೂ ಹೇಳಿಲ್ಲ. ನಕ್ಷೆಯ ಮೇಲಿನ ಬಿಂದು ಅಂದರೆ ಡ್ರೋನ್ ನಿಂತಿದ್ದ ಜಾಗ. ಫೋಟೋದಲ್ಲಿ ಕಾಣುವ ಜಾಗ ಅದಲ್ಲ. ಕ್ಯಾಮೆರಾ ನೇರ ಕೆಳಗೆ ನೋಡುತ್ತಿದ್ದರೆ ಎರಡೂ ಒಂದೇ. ಓರೆಯಾಗಿ ತೆಗೆದಿದ್ದರೆ ಡ್ರೋನ್ ಗುಂಡುತೋಪಿನ ಮೇಲಿರುತ್ತದೆ, ಫೋಟೋದಲ್ಲಿ ಇರುವುದು ಮುನ್ನೂರು ಮೀಟರ್ ಆಚೆಯ ಕೋಡಿ. ಪಂಚಾಯಿತಿಯವರು ಕೇಳುವುದು ಕೋಡಿಯ ಫೋಟೋ. ಕೋಡಿಯ ಹತ್ತಿರ ಇರುವ ಬಿಂದುಗಳನ್ನಷ್ಟೇ ಹುಡುಕಿದರೆ ಒಳ್ಳೆಯ ಫೋಟೋಗಳೇ ತಪ್ಪಿಹೋಗುತ್ತವೆ.

ಇದಕ್ಕೆ ಪರಿಹಾರ ಫೋಟೋದ ಒಳಗೇ ಇದೆ. ಡಿಜೆಐ ಪ್ರತಿ ಜೆಪಿಜಿ ಫೈಲ್‌ನಲ್ಲಿ ಗಿಂಬಲ್, ಅಂದರೆ ಕ್ಯಾಮೆರಾ ಹಿಡಿದು ತಿರುಗಿಸುವ ಭಾಗ, ಯಾವ ದಿಕ್ಕಿಗೆ ತಿರುಗಿತ್ತು (ಗಿಂಬಲ್ ಯಾ), ಎಷ್ಟು ಬಾಗಿತ್ತು (ಗಿಂಬಲ್ ಪಿಚ್), ಹಾರಿದ ಜಾಗದಿಂದ ಎಷ್ಟು ಎತ್ತರದಲ್ಲಿತ್ತು (ರಿಲೇಟಿವ್ ಆಲ್ಟಿಟ್ಯೂಡ್) ಎಂಬುದನ್ನೆಲ್ಲ ಬರೆದಿಡುತ್ತದೆ. ಆದರೆ ಕ್ಯೂಜಿಐಎಸ್‌ನ ಆಮದು ಸಾಧನ ಇವನ್ನು ಎತ್ತಿಕೊಳ್ಳುವುದಿಲ್ಲ. ಅದರ 'ಡೈರೆಕ್ಷನ್' ಕಾಲಂ ಡಿಜೆಐ ಫೋಟೋಗಳಿಗೆ ಸಾಮಾನ್ಯವಾಗಿ ಖಾಲಿ ಬರುತ್ತದೆ. ಫಿಲ್ ಹಾರ್ವೆ ಅವರು ಬರೆದ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಇದೆ, ಅದರಿಂದ ಇಡೀ ಫೋಲ್ಡರ್‌ನ ವಿವರವನ್ನು ಒಂದೇ ಸಿಎಸ್‌ವಿ ಪಟ್ಟಿಯಾಗಿ ತೆಗೆಯಬಹುದು. ಅಡ್ಡಗೀಟು ಎನ್ ಎಂಬ ಸ್ವಿಚ್ ಸೇರಿಸಿದರೆ ಅಕ್ಷಾಂಶ ರೇಖಾಂಶ ದಶಮಾಂಶದಲ್ಲಿ ಬರುತ್ತವೆ. ಆ ಸಿಎಸ್‌ವಿಯನ್ನೇ 'ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್' ಮೂಲಕ ಬಿಂದುಗಳಾಗಿ ತೆರೆಯಿರಿ, ಆಗ ಧಾರವಾಡದವರು ಹೇಳಿದ ಹೆಸರಿನ ತಕರಾರೂ ಬರುವುದಿಲ್ಲ. ವಿಂಡೋಸ್‌ನಲ್ಲಿ ಫೋಲ್ಡರ್‌ಗೆ ಕನ್ನಡ ಹೆಸರಿಟ್ಟಿದ್ದರೆ ಎಕ್ಸಿಫ್‌ಟೂಲ್‌ಗೆ ಫೈಲ್ ಹೆಸರು ಯುಟಿಎಫ್-8 ಅಂತ ಪ್ರತ್ಯೇಕವಾಗಿ ತಿಳಿಸಬೇಕು. ಅದರ ಬದಲು ಫೋಲ್ಡರ್‌ಗಳಿಗೆ ಅಂಕಿ ಮತ್ತು ಇಂಗ್ಲಿಷ್ ಅಕ್ಷರ, ಟೇಬಲ್‌ನ ಒಳಗೆ ಕನ್ನಡ ಅಂತ ಇಟ್ಟುಕೊಳ್ಳುವುದು ನೆಮ್ಮದಿ.

ಈಗ ಪದರವನ್ನು ಮೀಟರ್ ಲೆಕ್ಕದ ಪ್ರೊಜೆಕ್ಷನ್‌ಗೆ ತನ್ನಿ. ನಿಮ್ಮ ತುಮಕೂರಿಗೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) ವಲಯ 43 ಉತ್ತರ, ಕ್ಯೂಜಿಐಎಸ್‌ನಲ್ಲಿ ಆರಿಸಬೇಕಾದ ಸಂಕೇತ ಇಪಿಎಸ್‌ಜಿ 32643. ಕರ್ನಾಟಕದ ಬಹುಪಾಲು ಇದರಲ್ಲೇ ಬರುತ್ತದೆ. 78 ಡಿಗ್ರಿ ಪೂರ್ವ ರೇಖಾಂಶ ದಾಟಿದರೆ ವಲಯ 44, ಅಂದರೆ 32644. ಕೋಲಾರ ಪಟ್ಟಣ, ಮುಳಬಾಗಿಲು ಎಲ್ಲ ಆ ಕಡೆ. ಗಡಿ ಜಿಲ್ಲೆಯವರು ಗಮನಿಸಿ.

ಆಮೇಲೆ ಪ್ರೊಸೆಸಿಂಗ್‌ನಲ್ಲಿ 'ಕ್ರಿಯೇಟ್ ವೆಡ್ಜ್ ಬಫರ್ಸ್' ಓಡಿಸಿ. ಅಝಿಮುತ್ (ದಿಕ್ಕಿನ ಕೋನ) ಜಾಗಕ್ಕೆ ಗಿಂಬಲ್ ಯಾ ಕಾಲಂ ಕೊಡಿ. ಅಗಲಕ್ಕೆ ಕ್ಯಾಮೆರಾದ ನೋಟದ ಕೋನ: ಫ್ಯಾಂಟಮ್ 4 ಪ್ರೊದ ಸೆನ್ಸರ್ 13.2 ಮಿ.ಮೀ. ಅಗಲ, ಲೆನ್ಸ್ 8.8 ಮಿ.ಮೀ., ಹಾಗಾಗಿ ಅಡ್ಡಕ್ಕೆ ಸುಮಾರು 74 ಡಿಗ್ರಿ. ಹೊರ ತ್ರಿಜ್ಯ ನಿಮ್ಮ ಕೆರೆಯ ಗಾತ್ರ ನೋಡಿಕೊಂಡು 300, 400 ಮೀಟರ್. ಪ್ರತಿ ಬಿಂದುವಿನಿಂದ ಬೀಸಣಿಗೆ ಬಿಚ್ಚಿದಂತೆ ಒಂದು ಆಕಾರ ನಕ್ಷೆಯ ಮೇಲೆ ಹರಡಿಕೊಳ್ಳುತ್ತದೆ, ಕ್ಯಾಮೆರಾ ನೋಡುತ್ತಿದ್ದ ಕಡೆಗೆ. ಕೋಡಿ, ತೂಬುಗಳನ್ನು ಬೇರೊಂದು ಬಿಂದು ಪದರವಾಗಿ ಗುರುತಿಸಿಕೊಂಡಿರಿ. 'ಸೆಲೆಕ್ಟ್ ಬೈ ಲೊಕೇಶನ್' ನಲ್ಲಿ ಈ ಕೋಡಿಯನ್ನು ಮುಟ್ಟುವ ಬೀಸಣಿಗೆಗಳೆಲ್ಲ ಬೇಕು ಅಂತ ಕೇಳಿ. ಆ ಕೋಡಿಯತ್ತ ಮುಖ ಮಾಡಿ ತೆಗೆದ ಫೋಟೋಗಳೆಲ್ಲ, ಎಲ್ಲ ವರ್ಷದವೂ, ಒಟ್ಟಿಗೆ ಬಂದು ನಿಲ್ಲುತ್ತವೆ. ಹೂಳೆತ್ತುವ ಮೊದಲು ಮತ್ತು ಆಮೇಲಿನ ಜೋಡಿ ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ನಡುವೆ ಮರ, ಗುಡ್ಡ ಅಡ್ಡ ಇದ್ದರೆ ಅದಕ್ಕೆ ತಿಳಿಯುವುದಿಲ್ಲ, ಒಂದಷ್ಟು ಕಾಳು ಜೊಳ್ಳು ಕೈಯಿಂದ ಬೇರ್ಪಡಿಸಬೇಕಾಗುತ್ತದೆ.

ಪಿಚ್ ಮೈನಸ್ 90 ಇರುವ, ಅಂದರೆ ನೇರ ಕೆಳಗೆ ನೋಡುವ ಫೋಟೋಗಳನ್ನು ಈ ಲೆಕ್ಕದಿಂದ ಹೊರಗಿಡಿ. ಅವಕ್ಕೆ ನೆಲದ ಮೇಲಿನ ಅಗಲ ಲೆಕ್ಕ ಹಾಕುವುದು ಸುಲಭ. ಸೆನ್ಸರ್ ಅಗಲವನ್ನು ಎತ್ತರದಿಂದ ಗುಣಿಸಿ ಲೆನ್ಸಿನ ಅಳತೆಯಿಂದ ಭಾಗಿಸಿ. ನಿಮ್ಮ ಡ್ರೋನಿಗೆ 100 ಮೀಟರ್ ಮೇಲಿಂದ ತೆಗೆದ ಫೋಟೋ ನೆಲದ ಮೇಲೆ 150 ಮೀಟರ್‌ಗೆ 100 ಮೀಟರ್ ಆವರಿಸುತ್ತದೆ, ಒಂದು ಪಿಕ್ಸೆಲ್ ಅಂದರೆ ಹತ್ತಿರ ಹತ್ತಿರ 2.7 ಸೆಂಟಿಮೀಟರ್.

ಉತ್ತರ: ಸಾಗರದಿಂದ

ಇಷ್ಟೆಲ್ಲ ಎಲ್ಲರಿಗೂ ಬೇಕಾಗುವುದಿಲ್ಲ ಅಂತ ನನ್ನ ಅಭಿಪ್ರಾಯ. ನಕ್ಷೆಯ ಮೇಲೆ ಫೋಟೋ ಎಲ್ಲಿದೆ ಅಂತ ನೋಡಬೇಕು, ಹೆಸರು ಹಚ್ಚಬೇಕು ಅಷ್ಟೇ ಅಂದರೆ ಡಿಜಿಕ್ಯಾಮ್ ಸಾಕು. ಅದೂ ಉಚಿತ, ನಕ್ಷೆಯ ನೋಟ ಇದೆ, ಟ್ಯಾಗ್‌ಗಳನ್ನು ಫೋಟೋದ ಒಳಗೇ ಬರೆಯಬಲ್ಲದು. ಕೆರೆಯ ಗಡಿ, ದಿಕ್ಕು, ವರ್ಷದ ಹೋಲಿಕೆ ಬೇಕಾದವರು ಮಾತ್ರ ಕ್ಯೂಜಿಐಎಸ್ ಹಾದಿ ಹಿಡಿಯಲಿ. ಪ್ರಶ್ನೆ ಕೇಳಿದವರಿಗೆ ಅದೇ ಬೇಕಿರುವಂತಿದೆ, ಆದರೆ ಇದನ್ನು ಓದುವ ಬೇರೆಯವರಿಗೆ ಹೇಳಿದೆ.

ಮರುಪ್ರಶ್ನೆ: ಕೆರೆ ಬಳಗದಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಬಿಂದುಗಳು ಬಂದವು, ಬೀಸಣಿಗೆಗಳೂ ಬಂದವು, ನೋಡಿ ಬಳಗದವರೆಲ್ಲ ಹಿಗ್ಗಿದರು. ಈಗ ಎರಡು ತೊಡಕು. ಬಿಂದುವಿನ ಮೇಲೆ ಮೌಸ್ ಇಟ್ಟರೆ ಫೋಟೋ ಕಾಣುವಂತೆ ಮ್ಯಾಪ್ ಟಿಪ್ ಮಾಡಿಕೊಂಡೆವು, ಆದರೆ ಕಂಪ್ಯೂಟರ್ ತಡವರಿಸುತ್ತದೆ. ಎರಡನೆಯದು, ಡಿಸ್ಕನ್ನು ಇನ್ನೊಬ್ಬರ ಲ್ಯಾಪ್‌ಟಾಪ್‌ಗೆ ಹಾಕಿದರೆ ಬಿಂದು ಇದೆ, ಫೋಟೋ ಇಲ್ಲ.

ಉತ್ತರ: ಬೆಂಗಳೂರಿನಿಂದ, ನಕ್ಷೆ ಕೆಲಸದಲ್ಲಿರುವವರು

ತಡವರಿಸುವುದು ಸಹಜ. ಮ್ಯಾಪ್ ಟಿಪ್‌ನಲ್ಲಿ ಅಗಲ 400 ಅಂತ ಬರೆದಿದ್ದರೂ ಅದು ಪೂರ್ತಿ ಗಾತ್ರದ ಫೈಲನ್ನೇ ಎತ್ತಿಕೊಂಡು ಕುಗ್ಗಿಸುತ್ತದೆ. ಎಲ್ಲ ಫೋಟೋಗಳ 800 ಪಿಕ್ಸೆಲ್ ಅಗಲದ ಸಣ್ಣ ಪ್ರತಿಗಳನ್ನು ಬೇರೆ ಫೋಲ್ಡರ್‌ಗೆ ಮಾಡಿಕೊಳ್ಳಿ. ಇರ್ಫಾನ್‌ವ್ಯೂ ಒಂದೇ ಬಾರಿಗೆ ಮಾಡಿಕೊಡುತ್ತದೆ. ಒಳಗಿನ ಫೋಲ್ಡರ್ ಹೆಸರುಗಳು ಮೂಲದಂತೆಯೇ ಇರಲಿ. ಮ್ಯಾಪ್ ಟಿಪ್ ಸಣ್ಣದನ್ನು ತೋರಿಸಲಿ, ಆಕ್ಷನ್ ಒಂದನ್ನು ಮಾಡಿ ಕ್ಲಿಕ್ಕಿಸಿದಾಗ ಮಾತ್ರ ದೊಡ್ಡದು ತೆರೆಯಲಿ.

ಎರಡನೆಯದರ ಕಾರಣ: ಪಟ್ಟಿಯಲ್ಲಿ ಫೈಲ್‌ನ ದಾರಿ ಡ್ರೈವ್ ಅಕ್ಷರದಿಂದಲೇ ಶುರುವಾಗಿದೆ. ನಿಮ್ಮಲ್ಲಿ ಇ ಡ್ರೈವ್ ಆಗಿದ್ದ ಡಿಸ್ಕ್ ಅವರಲ್ಲಿ ಎಫ್ ಆಗುತ್ತದೆ. ಪ್ರಾಜೆಕ್ಟ್ ಫೈಲ್, ಜಿಯೋಪ್ಯಾಕೇಜ್, ಫೋಟೋ ಫೋಲ್ಡರ್ ಮೂರನ್ನೂ ಒಂದೇ ಮೇಲಿನ ಫೋಲ್ಡರ್‌ನೊಳಗೆ ಇಡಿ. ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ರಿಪ್ಲೇಸ್ ಬಳಸಿ ದಾರಿಯ ಮೊದಲ ತುಂಡು ಕತ್ತರಿಸಿ, ಪ್ರಾಜೆಕ್ಟ್ ಫೋಲ್ಡರ್‌ನಿಂದ ಒಳಗಿನ ದಾರಿ ಮಾತ್ರ ಹೊಸ ಕಾಲಂನಲ್ಲಿ ಉಳಿಸಿ. ಮ್ಯಾಪ್ ಟಿಪ್ ಮತ್ತು ಆಕ್ಷನ್‌ಗಳಲ್ಲಿ ಕ್ಯೂಜಿಐಎಸ್‌ನ 'ಪ್ರಾಜೆಕ್ಟ್ ಫೋಲ್ಡರ್' ವೇರಿಯಬಲ್ ಹಾಕಿ ಅದರ ನಂತರ ಈ ಕಾಲಂ ಅಂಟಿಸಿ. ಫಾರಂನ ಅಟ್ಯಾಚ್‌ಮೆಂಟ್ ವಿಜೆಟ್‌ನಲ್ಲೂ ಪ್ರಾಜೆಕ್ಟ್‌ಗೆ ಸಂಬಂಧಿಸಿದ ದಾರಿ ಎಂಬ ಆಯ್ಕೆ ಇದೆ. ಡಿಸ್ಕ್ ಎಲ್ಲಿಗೆ ಹೋದರೂ ಫೋಟೋ ಜೊತೆಗೇ ಬರುತ್ತದೆ.

ವರ್ಷದಿಂದ ವರ್ಷಕ್ಕೆ ಓಡಿಸಿ ನೋಡಲು ಟೆಂಪೊರಲ್ ಕಂಟ್ರೋಲರ್ ಬಳಸಿ, 3.14ರ ನಂತರದ ಎಲ್ಲ ಆವೃತ್ತಿಗಳಲ್ಲೂ ಇದೆ. ಸಿಎಸ್‌ವಿ ದಾರಿಯಲ್ಲಿ ಬಂದವರಿಗೆ ಒಂದು ಎಚ್ಚರಿಕೆ: ಎಕ್ಸಿಫ್‌ನಲ್ಲಿ (ಫೋಟೋದ ಒಳಗೆ ಬರೆದಿಟ್ಟ ವಿವರದಲ್ಲಿ) ತಾರೀಖಿನ ನಡುವೆಯೂ ಕೋಲನ್ ಇರುತ್ತದೆ, ಕ್ಯೂಜಿಐಎಸ್ ಅದನ್ನು ತಾರೀಖು ಅಂತ ಗುರುತಿಸುವುದಿಲ್ಲ, ಪಠ್ಯ ಅಂದುಕೊಳ್ಳುತ್ತದೆ. ಎಕ್ಸಿಫ್‌ಟೂಲ್‌ನಲ್ಲೇ ತಾರೀಖಿನ ರೂಪ ಬದಲಿಸಿ ತೆಗೆಯಿರಿ.

ಉತ್ತರ: ಸಣ್ಣ ನೀರಾವರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹಾಸನ

ತಮ್ಮ ಕೆಲಸ ಓದಿ ಬಹಳ ಸಂತೋಷವಾಯಿತು. ಕಚೇರಿಗೆ ಕೊಡುವಾಗ ಪೆನ್‌ಡ್ರೈವ್ ತುಂಬಾ ಫೋಟೋ ಕೊಟ್ಟರೆ ಯಾರೂ ತೆರೆಯುವುದಿಲ್ಲ. ಕಾಗದದ ಮೇಲೆ ಬಂದರೆ ಕಡತಕ್ಕೆ ಸೇರುತ್ತದೆ. ಪ್ರಿಂಟ್ ಲೇಔಟ್‌ನಲ್ಲಿ ಅಟ್ಲಾಸ್ ಎಂಬುದನ್ನು ಚಾಲೂ ಮಾಡಿ, ಫೋಟೋ ಬಿಂದುಗಳ ಪದರವನ್ನೇ ಅದಕ್ಕೆ ಆಧಾರವಾಗಿ ಕೊಡಿ. ಒಂದು ಬದಿಗೆ ನಕ್ಷೆ, ಇನ್ನೊಂದು ಬದಿಗೆ ಚಿತ್ರದ ಚೌಕ. ಆ ಚೌಕಕ್ಕೆ ಫೈಲ್ ದಾರಿಯ ಕಾಲಂ ಹೇಳಿಬಿಟ್ಟರೆ ಪುಟಕ್ಕೊಂದು ಫೋಟೋದಂತೆ ಪಿಡಿಎಫ್ ತಾನಾಗಿ ತಯಾರಾಗುತ್ತದೆ. ಕೆಳಗೆ ಕೆರೆಯ ಹೆಸರು, ಗ್ರಾಮ, ತೆಗೆದ ದಿನಾಂಕ ಬರಲಿ. ಆಯ್ದ ಹತ್ತಿಪ್ಪತ್ತು ಫೋಟೋಗಳಿಗೆ ಮಾತ್ರ ಮಾಡಿ.

ಎರಡು ವಿಷಯದಲ್ಲಿ ದಯವಿಟ್ಟು ಜಾಗ್ರತೆ. ರಿಲೇಟಿವ್ ಆಲ್ಟಿಟ್ಯೂಡ್ ಎಂದರೆ ಡ್ರೋನ್ ಹಾರಿದ ಜಾಗದಿಂದ ಎತ್ತರ. ಏರಿಯ ಮೇಲಿಂದ ಹಾರಿಸಿದರೆ ಅದು ಏರಿಯಿಂದ ಎತ್ತರ, ಅಂಗಳದಿಂದಲ್ಲ. ಏರಿ ಎಂಟು ಮೀಟರ್ ಇದ್ದರೆ ಅಂಗಳದ ಫೋಟೋಗಳಿಗೆ ಆ ಎಂಟು ಮೀಟರ್ ಸೇರಿಸಿಯೇ ಅಗಲದ ಲೆಕ್ಕ ಹಾಕಬೇಕು. ಪ್ರತಿ ಸಲವೂ ಒಂದೇ ಜಾಗದಿಂದ, ತೂಬಿನ ಕಟ್ಟೆಯಂಥ ಕಾಯಂ ಗುರುತಿನಿಂದ ಹಾರಿಸುವುದು ಒಳ್ಳೆಯದು, ವರ್ಷಗಳ ಹೋಲಿಕೆಗೂ ಅದು ಬೇಕು.

ಎರಡನೆಯದು ಒತ್ತುವರಿ. ಸರ್ವೆ ನಂಬರಿನ ಗಡಿಯನ್ನು ಕೆಳಗೆ ಹಾಸಿ ಅದರ ಮೇಲೆ ನಿಮ್ಮ ಫೋಟೋ ಇಟ್ಟು ನೋಡಿದಾಗ ಗದ್ದೆಯ ಬದು ಕೆರೆಯೊಳಗೆ ಬಂದಂತೆ ಕಾಣಬಹುದು. ನಿಮ್ಮ ಡ್ರೋನ್ ಆರ್‌ಟಿಕೆ (ಸ್ಥಾನವನ್ನು ಸೆಂಟಿಮೀಟರ್ ಮಟ್ಟಕ್ಕೆ ತಿದ್ದುವ ವ್ಯವಸ್ಥೆ) ಇಲ್ಲದ್ದು, ಅದರ ಸ್ಥಾನದಲ್ಲಿ ಕೆಲವು ಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಊರಿನಲ್ಲಿ ಒಬ್ಬ ರೈತನ ಮೇಲೆ ಬೆರಳು ತೋರಿಸುವ ಮುಂಚೆ ಈ ಕೆಲವು ಮೀಟರ್‌ಗಳನ್ನು ನೆನಪಿಡಿ. ಫೋಟೋ ಆಧರಿಸಿ ಅಳತೆಗೆ ಅರ್ಜಿ ಹಾಕಬಹುದು, ಫೋಟೋವೇ ಅಳತೆ ಆಗುವುದಿಲ್ಲ. ಸರ್ವೆಯವರು ಬಂದು ಕಲ್ಲು ನೆಡಲಿ.

ಮರುಪ್ರಶ್ನೆ: ಕೆರೆ ಬಳಗದಿಂದ

ಖಂಡಿತ ಸರ್, ಅರ್ಜಿಯ ದಾರಿಯಲ್ಲೇ ಹೋಗುತ್ತೇವೆ. ಕೊನೆಯದಾಗಿ ಒಂದು. ಪಕ್ಕದ ಊರಿನ ಹುಡುಗರು ಅವರ ಡ್ರೋನ್‌ನ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಎಲ್ಲವೂ ಇನ್‌ವ್ಯಾಲಿಡ್ ಪಟ್ಟಿಗೇ ಹೋಗಿವೆ.

ಉತ್ತರ: ಧಾರವಾಡದಿಂದ

ವಾಟ್ಸಾಪ್‌ನ್ಯಾಗ ಫೋಟೋ ಅಂತ ಕಳಿಸಿದ್ರ ಒಳಗಿನ ಜಾಗದ ಗುರುತು ಪೂರಾ ಕಿತ್ತು ಹೋಗ್ತದ್ರೀ, ಫೋಟೋನೂ ಸಣ್ಣದಾಗ್ತದ. ಡಾಕ್ಯುಮೆಂಟ್ ಅಂತ ಕಳಸಾಕ ಹೇಳ್ರಿ, ಇದ್ದದ್ದು ಇದ್ದಂಗ ಬರ್ತದ. ಹತ್ರದ ಊರು ಅಂದ್ರ ಕಾರ್ಡ್ ಇಸ್ಕೊಂಡು ಬಂದು ನೀವ ಇಳಿಸ್ಕೊಳ್ಳೂದು ಇನ್ನೂ ಚಲೋ. ಅವರ ಡ್ರೋನು ಬ್ಯಾರೆ ಮಾಡೆಲ್ ಇದ್ರ ಬೀಸಣಿಗಿ ಅಗಲ ಬ್ಯಾರೆ ಆಗ್ತದ. ಕ್ಯಾಮೆರಾ ಮಾಡೆಲ್‌ನೂ ಒಂದು ಕಾಲಂ ಮಾಡಿ ಎಕ್ಸಿಫ್‌ಟೂಲ್‌ಲಿಂದ ತಗೊಂಡು ಇಟ್ಕೋರಿ.